ಗುಡ್ಡಕ್ಕೆ ಸೈಕಲ್, ಕಾಲಿಗೆ ಯಾವ ಶೂ?

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಾಗ ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿತ್ತು. ಅಥಣಿ, ನಿಪ್ಪಾಣಿಯ ಕೈಗಳು ತಲೆಮಾರುಗಳಿಂದ ಹೊಲಿಯುವ ಚಪ್ಪಲಿ ಅದು. ಮೊಳೆಯಿಲ್ಲ, ಹೊಲಿಗೆಯೂ ಚರ್ಮದ ದಾರದ್ದೇ. ಬಿಸಿಲಲ್ಲಿ ನಡೆಯೋಕೆ ಅದಕ್ಕೆ ಸಾಟಿಯಿಲ್ಲ. ಆದರೆ ಅದನ್ನು ಮೆಟ್ಟಿಕೊಂಡು ಗುಡ್ಡದಲ್ಲಿ ಸೈಕಲ್ ತುಳಿಯಬೇಡಿ.

ಯಾಕೆ? ಮೌಂಟನ್ ಬೈಕಿನ ಫ್ಲಾಟ್ ಪೆಡಲ್ ನೋಡಿ, ಮೇಲೆಲ್ಲ ಸಣ್ಣ ಲೋಹದ ಮೊನೆಗಳು. ಅವು ಮೆತ್ತನೆಯ ರಬ್ಬರಿನಲ್ಲಿ ನಾಟಿದರೆ ಪಾದ ಕದಲುವುದಿಲ್ಲ. ನುಣುಪಾದ ಚರ್ಮದ ಅಟ್ಟೆ ಜಾರುತ್ತದೆ. ಕಾಲು ಜಾರಿತೋ, ಪೆಡಲ್ ಗಿರ್ರನೆ ತಿರುಗಿ ಮೊಣಕಾಲ ಕೆಳಗಿನ ಎಲುಬಿಗೇ ಬಡಿಯುತ್ತದೆ.

ಅಂಗಡಿಯಲ್ಲಿ ಶೂ ಮಗುಚಿ ನೋಡಿ. ಅಟ್ಟೆ ಸಪಾಟಾಗಿರಲಿ, ಟ್ರೆಕ್ಕಿಂಗ್ ಶೂನಂಥ ದೊಡ್ಡ ಹಲ್ಲು ಬೇಡ. ಉಗುರು ಒತ್ತಿದರೆ ರಬ್ಬರ್ ತುಸು ತಗ್ಗಬೇಕು. ಈಗ ಎರಡೂ ತುದಿ ಹಿಡಿದು ಬಗ್ಗಿಸಿ. ಚಪಾತಿಯಂತೆ ಮಡಚಿಕೊಂಡರೆ ಅಲ್ಲೇ ಬಿಡಿ. ಸ್ತವನಿಧಿ ಘಾಟ್ ಏರುವಷ್ಟರಲ್ಲಿ ಅಂಗಾಲು ನೋಯುತ್ತದೆ. ಓಟದ ಶೂ ನಾನು ಒಪ್ಪದಿರುವುದೂ ಇದಕ್ಕೇ. ಬಲಗಾಲಿನ ಲೇಸನ್ನು ಒಳಗೆ ಸಿಕ್ಕಿಸಿ, ಚೈನು ಆ ಕಡೆಗೇ ಇದೆ.

ಮಳೆಗಾಲದಲ್ಲಿ ಕಾಗವಾಡ, ರಾಯಬಾಗದ ಎರೆಮಣ್ಣಿನಲ್ಲಿ ಇಳಿದು ಸೈಕಲ್ ತಳ್ಳಿದ್ದರೆ, ಮತ್ತೆ ಹತ್ತುವ ಮೊದಲು ಅಟ್ಟೆಯನ್ನು ಕಲ್ಲಿಗೆ ಉಜ್ಜಿಕೊಳ್ಳಿ. ಕೆಸರು ಮೆತ್ತಿದ ರಬ್ಬರಿಗೆ ಹಿಡಿತವಿರುವುದಿಲ್ಲ.