ಬನಶಂಕರಿಯ ಅಡ್ರೆಸ್, ಫ್ರಾನ್ಸ್‌ನಲ್ಲಿ ಲೆಕ್ಕ

ಕ್ಯಾನ್ಸರ್ ಪೇಷಂಟ್‌ನ "ಬೆಂಗಳೂರಲ್ಲಿ ಎಷ್ಟು ವರ್ಷದಿಂದ ಇದ್ದೀರ?" ಅಂತ ಕೇಳೋದು ಯಾಕೆ ಗೊತ್ತಾ?

ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಸಿಬ್ಬಂದಿ ಆಸ್ಪತ್ರೆ, ಲ್ಯಾಬ್, ಮರಣ ದಾಖಲೆ ಎಲ್ಲ ಹುಡುಕಿ, ಒಂದು ಕೇಸನ್ನು ಒಂದೇ ಸಲ ಎಣಿಸ್ತಾರೆ. ಕನಿಷ್ಠ ಒಂದು ವರ್ಷ ಇಲ್ಲಿ ವಾಸವಿದ್ದವರು ಮಾತ್ರ ಲೆಕ್ಕಕ್ಕೆ.

ಫ್ರಾನ್ಸ್‌ನ ಲಿಯಾನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಐಎಆರ್‌ಸಿ ಇದೆ. ಶುರುವಾಗಿದ್ದು 1965ರಲ್ಲಿ, ಭಾರತ ಸದಸ್ಯ ಆಗಿದ್ದು 2006ರಲ್ಲಿ. ಬೆಂಗಳೂರಿನಂಥ ಊರುಗಳ ಲೆಕ್ಕವನ್ನು, ಪೇಷಂಟ್ ಹೆಸರಿಲ್ಲದೆ, ಅಲ್ಲಿ ಹೋಲಿಸಿ ನೋಡ್ತಾರೆ. ಯಾವ ಕ್ಯಾನ್ಸರ್ ಎಲ್ಲಿ ಜಾಸ್ತಿ ಅಂತ ಗೊತ್ತಾದ್ರೆ ತಾನೇ ತಪಾಸಣೆ ಎಲ್ಲಿ ಬೇಕು ಅನ್ನೋದು ತಿಳಿಯೋದು?

ಊರಿಂದ ಬಂದವರು ಬನಶಂಕರಿಯ ನೆಂಟರ ಮನೆ ವಿಳಾಸ ಬರೆಸಿದರೆ, ಆ ಊರಿನ ಕಾಯಿಲೆ ಬೆಂಗಳೂರಿನ ಲೆಕ್ಕಕ್ಕೆ ಬೀಳಬಹುದು. ಹಾಗಾಗಿ ನಿಜವಾದ ಊರೇ ಹೇಳಿ.