ಫೈಲು ಹಿಡಿಯದೆ ಒಮ್ಮೆ ಮಂಗಳೂರಿಗೆ

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಮಂಗಳೂರೆಂದರೆ ಕೆಲಸದ ಊರು. ವೆನ್ಲಾಕಿನಲ್ಲೋ ಬೇರೆ ದೊಡ್ಡಾಸ್ಪತ್ರೆಯಲ್ಲೋ ತೋರಿಸಿ ಬರಬೇಕು, ಮಗಳನ್ನು ಕಾಲೇಜಿಗೆ ಸೇರಿಸಬೇಕು, ಜಾಗದ ಫೈಲು ಡಿಸಿ ಆಫೀಸಿನಲ್ಲಿ ಎಲ್ಲಿಗೆ ಬಂತೆಂದು ವಿಚಾರಿಸಬೇಕು. ಬೆಳಿಗ್ಗೆ ಜ್ಯೋತಿಯಲ್ಲೋ ಸ್ಟೇಟ್‌ಬ್ಯಾಂಕಿನಲ್ಲೋ ಇಳಿಯುವುದು, ಕೆಲಸ ಮುಗಿದರೆ ಒಂದು ಗಡ್‌ಬಡ್ ತಿನ್ನುವುದು, ಕತ್ತಲಾಗುವ ಮೊದಲು ಊರಿನ ಬಸ್ಸು ಹಿಡಿಯುವುದು. ಎಷ್ಟೋ ಮಂದಿ ವರ್ಷಕ್ಕೆ ಹತ್ತಾರು ಸಲ ಹೋಗಿ ಬಂದರೂ ಊರನ್ನು ಮಾತ್ರ ನೋಡಿಲ್ಲ. ಅದೇ ನಾವು ರಜೆ ಸಿಕ್ಕಿದಾಗ ಮೈಸೂರಿನ ಅರಮನೆ, ಹಂಪಿ, ಗೋವಾ ಎಂದು ದೂರ ದೂರ ಹೋಗುತ್ತೇವೆ.

ಮಂಗಳೂರಿನ ಚರಿತ್ರೆ ಕಡಲಿನ ಕಡೆಯಿಂದ ಬಂದವರದ್ದು ಮಾತ್ರವಲ್ಲ; ಗುಡ್ಡಗಾಡಿನಿಂದ ಇಳಿದು ಹೋದ ನಮ್ಮವರದ್ದೂ ಹೌದು. ಅದನ್ನು ತಿಳಿಯಲು ಹಂಪನಕಟ್ಟೆಯಿಂದ ನಡೆದೇ ಹೋಗಬಹುದಾದ ಬಾವುಟಗುಡ್ಡೆಗೆ ಮೊದಲು ಹತ್ತಬೇಕು.

1834ರಲ್ಲಿ ಕೊಡಗಿನ ಚಿಕ್ಕವೀರರಾಜನನ್ನು ಇಳಿಸಿದ ಕಂಪೆನಿ ಸರ್ಕಾರ, ಅವನ ಆಳ್ವಿಕೆಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಹಚ್ಚಿತು. ರಾಜನ ಕಾಲದಲ್ಲಿ ಬೆಳೆದದ್ದರಲ್ಲಿ ಪಾಲು ಅಳೆದುಕೊಟ್ಟರೆ ಕಂದಾಯ ಮುಗಿಯುತ್ತಿತ್ತು. ಕಂಪೆನಿಗೆ ಬೇಕಾದದ್ದು ನಗದು. ಭತ್ತ, ಅಡಿಕೆ, ಮೆಣಸು ಬೆಳೆಯುವ ಒಕ್ಕಲಿಗನ ಕೈಯಲ್ಲಿ ರೂಪಾಯಿ ಎಲ್ಲಿಂದ ಬರಬೇಕು? ಬೆಳೆಯನ್ನು ಸಿಕ್ಕಿದ ಬೆಲೆಗೆ ಮಾರಿ ತೆರಿಗೆ ಕಟ್ಟಬೇಕಾಯಿತು. ಹೊಟ್ಟೆಯ ಸಿಟ್ಟು ದಂಗೆಯಾಗಲು ಮೂರು ವರ್ಷ ಸಾಕಾಯಿತು. 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದಲ್ಲಿ ಜನ ಸೇರಿದರು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು. ಬೆಳ್ಳಾರೆಯಲ್ಲಿದ್ದ ಖಜಾನೆ ವಶವಾಯಿತು. ಪುತ್ತೂರು, ಬಂಟ್ವಾಳ ದಾಟುತ್ತ ಹೋದಂತೆ ದಂಡು ಬೆಳೆಯಿತು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಕೂಡಿಕೊಂಡ. ಏಪ್ರಿಲ್ 5ರಂದು ಮಂಗಳೂರಿನ ಈ ಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿದು ರೈತರ ಬಾವುಟ ಏರಿತು.

1857ರ ಸಂಗ್ರಾಮಕ್ಕೆ 20 ವರ್ಷ ಮೊದಲು ನಡೆದ ಸಂಗತಿ ಇದು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಕಣ್ಣೂರು, ತಲಶ್ಶೇರಿ ಕಡೆಯಿಂದ ಕಂಪೆನಿಯ ಪಡೆ ಬಂದಿಳಿದಾಗ ಕತ್ತಿ, ಕೋವಿ ಹಿಡಿದ ಬೇಸಾಯಗಾರರಿಗೆ ನಿಲ್ಲಲಾಗಲಿಲ್ಲ. ಸೆರೆಸಿಕ್ಕ ಮುಖಂಡರನ್ನು ಕುಲಶೇಖರದ ಹತ್ತಿರದ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಇನ್ನೊಬ್ಬ ಮುಖಂಡ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಬಹುಕಾಲ ಈ ಹೋರಾಟ ದಂಗೆಯ ಮುಖಂಡನೊಬ್ಬನ ಹೆಸರು ಹೊತ್ತು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು, ಕೊಳ್ಳೆಯ ಕತೆಯಂತೆ ಉಳಿದುಕೊಂಡಿತ್ತು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತದ್ದು 2022ರ ನವೆಂಬರಿನಲ್ಲಿ. 185 ವರ್ಷ ತಡವಾದರೂ ಬಂದ ಗೌರವ ಅದು. ಪ್ರತಿಮೆಯ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಕಾಲೇಜು ಮಕ್ಕಳಲ್ಲಿ ಅರ್ಧದಷ್ಟಾದರೂ ನಮ್ಮ ಕಡೆಯವರಿರಬಹುದು. ಆದರೆ ಆ ರಾಮಯ್ಯ ಗೌಡರು ನಮ್ಮ ಉಬರಡ್ಕ ಮಿತ್ತೂರಿನವರೆಂದು ಎಷ್ಟು ಮಂದಿಗೆ ಗೊತ್ತು?

ಅದೇ ಗುಡ್ಡೆಯಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. 1880ರಲ್ಲಿ ಶುರುವಾದ ಕಾಲೇಜಿಗೆ ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ, ಸುಮಾರು ಎರಡೂವರೆ ವರ್ಷ ಮರದ ಅಟ್ಟಳಿಗೆಯ ಮೇಲೆ ನಿಂತು ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿದರು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು, ಮಾಡಿನವು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣದವು. ಒಳಗೆ ಹೋದವರು ಬೆಂಚಿನಲ್ಲಿ ಕೂತು ಹತ್ತು ನಿಮಿಷ ಸುಮ್ಮನೆ ತಲೆಯೆತ್ತಿ ನೋಡಬೇಕು.

ಅಲ್ಲಿಂದ ಕದ್ರಿ ದೇವಸ್ಥಾನಕ್ಕೆ ಬೆಳಗ್ಗಿನ ಹೊತ್ತಿನಲ್ಲೇ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಪೂಜೆ ಮುಗಿದರೆ ಬಾಗಿಲು ಹಾಕುತ್ತಾರೆ. ಮಂಜುನಾಥನಿಗೆ ಕೈಮುಗಿದು ತೀರ್ಥ ತೆಗೆದುಕೊಂಡು ಹೊರಡುವವರೇ ಹೆಚ್ಚು. ದಯವಿಟ್ಟು ಲೋಕೇಶ್ವರನ ಮುಂದೆ ಒಂದಿಷ್ಟು ಹೊತ್ತು ನಿಲ್ಲಿ. ಮೂರು ಮುಖ, ಆರು ಕೈಗಳ, ಪದ್ಮಾಸನದಲ್ಲಿ ಕುಳಿತ ಕಂಚಿನ ಮೂರ್ತಿ. ಜಟಾಮುಕುಟವನ್ನು ಕಣ್ಣಿಟ್ಟು ನೋಡಿದರೆ ಅದರಲ್ಲಿ ಪುಟ್ಟದೊಂದು ಧ್ಯಾನಿಬುದ್ಧ ಕಾಣುತ್ತದೆ. ಪೀಠದ ಮೇಲಿನ ಸಂಸ್ಕೃತ ಶಾಸನ ಹೇಳುವಂತೆ, ಅಳುಪ ದೊರೆ ಕುಂದವರ್ಮ ಇದನ್ನು ಕದಿರಿಕೆಯ ವಿಹಾರದಲ್ಲಿ ನಿಲ್ಲಿಸಿದ್ದು ಕ್ರಿ.ಶ. 968ರಲ್ಲಿ. ಬೌದ್ಧರ ವಿಹಾರ, ನಾಥಪಂಥದ ಜೋಗಿಮಠ, ಶಿವನ ಗುಡಿ ಎಲ್ಲವೂ ಒಂದೇ ಗುಡ್ಡದಲ್ಲಿ ಬಾಳಿದವು. ಸಾವಿರ ವರ್ಷ ದಾಟಿದ ಆ ಕಂಚಿನ ನುಣುಪನ್ನು ನೋಡಿದಾಗ, ಇಷ್ಟು ದೊಡ್ಡ ಎರಕ ಹೊಯ್ಯುವ ಕೈಗಳು ಈ ಕರಾವಳಿಯಲ್ಲಿದ್ದವೆಂದು ಹೆಮ್ಮೆಯಾಗುತ್ತದೆ.

ಕಂಚಿನ ಕಸುಬು ಇಲ್ಲಿ ಮುಂದೆಯೂ ನಡೆಯಿತು. 12ನೇ ಶತಮಾನದಲ್ಲಿ ಟ್ಯುನೀಸಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲೆಸಿ ಕಂಚಿನ ಕಾರ್ಖಾನೆ ನಡೆಸಿದ. ಏಡನ್ನಿಗೆ ಮೆಣಸು, ಅಡಿಕೆ ಕಳಿಸಿದ. ಅವನ ಪತ್ರಗಳು ಕೈರೋದ ಸಿನಗಾಗ್ ಒಂದರಲ್ಲಿ ಉಳಿದು ಬಂದವು. ಅವನ ಕೆಲಸದಾಳಿನ ಹೆಸರನ್ನು ಬೊಮ್ಮ ಎಂದು ಗುರುತಿಸಲು ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದವರು ನಮ್ಮ ವಿದ್ವಾಂಸ ಬಿ.ಎ. ವಿವೇಕ ರೈಯವರು. ಅಡಿಕೆ ಸುಲಿಯುವ ಯಾವ ಮನೆಯವರಿಗಾದರೂ ಬಂದರಿನ ಓಣಿಗಳಲ್ಲಿ ನಡೆಯುವಾಗ ಈ ಕತೆ ನೆನಪಿರಬೇಕು. ಘಟ್ಟದ ಬುಡದ ಸರಕು ಬಂಟ್ವಾಳಕ್ಕೆ ಬಂದು, ದೋಣಿಯೇರಿ, ನೇತ್ರಾವತಿಯ ಹರಿವಿನೊಡನೆ ಇಳಿದು ಈ ಬಂದರನ್ನೇ ಮುಟ್ಟುತ್ತಿತ್ತು. ಕಡಬದ ಕುಮಾರಧಾರೆಯೂ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಇಲ್ಲೇ ಕಡಲು ಸೇರುತ್ತದೆ.

ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳಿಗೆ ಸಾಮಾನು ತುಂಬುವುದನ್ನು ಇಂದೂ ನೋಡಬಹುದು. ಹತ್ತಿರದಲ್ಲೇ ಝೀನತ್ ಬಕ್ಷ್ ಮಸೀದಿ. ಮಾಲಿಕ್ ದೀನಾರರ ಕಾಲದ ಏಳನೇ ಶತಮಾನದ್ದೆಂಬ ನಂಬಿಕೆ ಅದಕ್ಕಿದೆ. ಒಳಗಿನ ತೇಗದ ಕಂಬಗಳ ಕೆತ್ತನೆ ನಮ್ಮ ದೇವಸ್ಥಾನಗಳ, ಗುತ್ತಿನ ಮನೆಗಳ ಬಡಗಿಗಳ ಕೆಲಸವನ್ನೇ ಹೋಲುತ್ತದೆ. ಬೋಳೂರಿಗೆ ಹೋದರೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಸುಲ್ತಾನ್ ಬತ್ತೇರಿ ಇದೆ. ಪಕ್ಕದ ಕಡವಿನಿಂದ ದೋಣಿಯಲ್ಲಿ ಗುರುಪುರ ಹೊಳೆ ದಾಟಿದರೆ ತಣ್ಣೀರುಬಾವಿ ಕಡಲತೀರ. ಮಕ್ಕಳಿಗೆ ಈ ದೋಣಿಯೇ ಸಾಕು.

ಬಾಸೆಲ್ ಮಿಶನಿನ ನೆಲೆಯಾದ ಬಲ್ಮಠವನ್ನು ಬಿಟ್ಟರೆ ಕನ್ನಡಕ್ಕೆ ಅನ್ಯಾಯವಾದೀತು. 1834ರಲ್ಲಿ, ಕೊಡಗು ಕಂಪೆನಿಯ ಪಾಲಾದ ಅದೇ ವರ್ಷ, ಮಿಶನಿನವರು ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಮಿಶನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1 ಪತ್ರಿಕಾ ದಿನವಾದದ್ದು ಅದರಿಂದಲೇ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಊರಿನಲ್ಲೇ. 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಮಿಶನಿನ ಹಂಚಿನ ಕಾರ್ಖಾನೆ ನಮ್ಮ ಮನೆಗಳ ಮುಳಿಹುಲ್ಲಿನ ಮಾಡನ್ನು ಕೆಂಪು ಮಾಡಿತು. ಹಳೆ ಮನೆಯಿದ್ದವರು ಅಟ್ಟಕ್ಕೆ ಹತ್ತಿ ಹಂಚಿನ ಅಡಿಭಾಗಕ್ಕೆ ಟಾರ್ಚು ಹಿಡಿದು ನೋಡಿ. ಕಾರ್ಖಾನೆಯ ಹೆಸರು, ಊರಿನ ಹೆಸರು ಅಲ್ಲಿ ಒತ್ತಿರುತ್ತದೆ.

ಇಷ್ಟನ್ನೂ ಒಂದೇ ದಿನ ಮುಗಿಸುವ ಆತುರ ಬೇಡ. ಒಂದು ಭಾನುವಾರ ಬಾವುಟಗುಡ್ಡೆ ಮತ್ತು ಕದ್ರಿ, ಇನ್ನೊಂದು ಸಲ ಬಂದರು ಮತ್ತು ಬತ್ತೇರಿ ಎಂದಿಟ್ಟುಕೊಳ್ಳಿ. ಕಡಬ, ಪುತ್ತೂರಿನವರಿಗೆ ಸುಬ್ರಹ್ಮಣ್ಯ ರೋಡ್, ಕಬಕ ಪುತ್ತೂರು ನಿಲ್ದಾಣಗಳಿಂದ ಪ್ಯಾಸೆಂಜರ್ ರೈಲಿದೆ. ಸುಳ್ಯದವರಿಗೆ ಬಸ್ಸೇ ಅನುಕೂಲ.

ಶಾಲೆಯ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಡಿಸೆಂಬರಿನ ಪ್ರವಾಸಕ್ಕೆ ಮೈಸೂರಿಗೇ ಹೋಗಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಏಪ್ರಿಲ್ 5ರ ಕತೆಯನ್ನು ತರಗತಿಯಲ್ಲಿ ಹೇಳಿ, ಮಕ್ಕಳನ್ನು ಬೆಳ್ಳಾರೆಯಿಂದ ಬಾವುಟಗುಡ್ಡೆಯವರೆಗೆ ಒಮ್ಮೆ ಕರೆದುಕೊಂಡು ಬನ್ನಿ. ಅಂದು ದಂಡು ನಡೆದ ಆ ದಾರಿಗೆ ಇಂದು ಬಸ್ಸಿನಲ್ಲಿ ಅರ್ಧ ದಿನವೂ ಬೇಡ.