ಧಾನ್ಯದಲ್ಲಿ ಬಂಧಿತವಾದ ರಂಜಕವೂ ಕೋಳಿಯ ಆಹಾರವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಒಕ್ಕಲಿಗರು ಜೋಳ, ಗೋವಿನಜೋಳ, ಸೋಯಾ ಅವರೆಗಳನ್ನು ಬೆಳೆಯುವರು. ಮನೆಯ ಧಾನ್ಯದಿಂದಲೇ ಕೋಳಿಗಳನ್ನು ಸಾಕಬೇಕೆಂಬ ಬಯಕೆ ಅವರಿಗೆ ಸಹಜವಾದುದು. ಆದರೆ ಹೊಟ್ಟೆತುಂಬ ಕಾಳು ತಿಂದ ಕೋಳಿಯೂ ಕೆಲವೊಮ್ಮೆ ಕಾಲು ಸೋತು ಕೂಡುವದು. ತತ್ತಿಯ ಚಿಪ್ಪು ತೆಳ್ಳಗಾಗುವದು. ಇದರ ಕಾರಣಗಳಲ್ಲೊಂದನ್ನು ಊರ ಮುಖಂಡರೂ ಭೂಮಾಲಕರೂ ಅರಿತಿರುವದು ಲೇಸು.

ಎಲುಬು ಗಟ್ಟಿಯಾಗಲು ಸುಣ್ಣದಂಶದಂತೆ ರಂಜಕವೂ ಬೇಕು. ಧಾನ್ಯದಲ್ಲಿ ರಂಜಕವಿಲ್ಲದಿಲ್ಲ, ಆದರೆ ಅದರ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಬಂಧಿತವಾಗಿರುವದು. ಮೊಳಕೆಯ ಉಪಯೋಗಕ್ಕೆಂದು ಬೀಜವು ಕಟ್ಟಿಟ್ಟುಕೊಂಡ ಗಂಟು ಅದು. ಅದನ್ನು ಬಿಚ್ಚುವ ಫೈಟೇಸ್ ಎಂಬ ಕಿಣ್ವವು ಕೋಳಿಯ ಕರುಳಿನಲ್ಲಿ ಅತ್ಯಲ್ಪ. ಆದುದರಿಂದ ಬಹುಪಾಲು ರಂಜಕವು ಹಿಕ್ಕೆಯೊಡನೆ ಹೊರಬೀಳುವದು. ಸುಣ್ಣ, ಸತು, ಕಬ್ಬಿಣಗಳ ಅಂಶವನ್ನೂ ತನ್ನೊಡನೆ ಒಯ್ಯುವದು. ಅದು ಮಳೆನೀರಿನೊಡನೆ ಹಳ್ಳ ಹಿಡಿದು ದೂಧಗಂಗಾ, ಕೃಷ್ಣಾ ನದಿಗಳನ್ನು ಸೇರಿದರೆ ಪಾಚಿ ಬೆಳೆಯಲು ಆಸ್ಪದವಾಗುವದು. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಇಂಥದೇ ತೊಂದರೆಯನ್ನು ತಗ್ಗಿಸುವ ಉದ್ದೇಶದಿಂದ ೧೯೯೧ರಲ್ಲಿ ಫೈಟೇಸ್ ಕಿಣ್ವವು ಮಾರಾಟಕ್ಕೆ ಬಂದಿತು. ಈಗ ಅದು ನಮ್ಮಲ್ಲಿಯೂ ದೊರೆಯುತ್ತದೆ.

ಬಳಸುವವರು ಲಕ್ಷ್ಯದಲ್ಲಿಡತಕ್ಕ ಸಂಗತಿಗಳು ಇವು:

೧. ತತ್ತಿಯಿಡುವ ಕೋಳಿಗಳಿಗೆ ಒಂದು ಕಿಲೋ ಆಹಾರಕ್ಕೆ ಸುಮಾರು ೩೦೦ ಯೂನಿಟ್ ಹಾಕುವದು ವಾಡಿಕೆ. ಗ್ರಾಮಿಗೆ ೫೦೦೦ ಯೂನಿಟ್ ಶಕ್ತಿಯ ಪುಡಿಯಾದರೆ ಕ್ವಿಂಟಲಿಗೆ ೬ ಗ್ರಾಮ್ ಸಾಕು. ಇಷ್ಟು ಸ್ವಲ್ಪವಾದುದನ್ನು ಮೊದಲು ಒಂದು ಕಿಲೋ ಹಿಟ್ಟಿನಲ್ಲಿಯೂ ಅನಂತರ ಹತ್ತು ಕಿಲೋದಲ್ಲಿಯೂ ಕಲಸಿ, ಕೊನೆಗೆ ರಾಶಿಗೆ ಬೆರೆಸತಕ್ಕದ್ದು.

೨. ಕಿಣ್ವವನ್ನು ಹಾಕಿದ ಮೇಲೆ ಡಿಕ್ಯಾಲ್ಸಿಯಂ ಫಾಸ್ಫೇಟನ್ನು ಕ್ವಿಂಟಲಿಗೆ ಸುಮಾರು ಅರ್ಧ ಕಿಲೋ ತಗ್ಗಿಸಬಹುದು. ತಗ್ಗಿಸದಿದ್ದರೆ ಖರ್ಚು ಉಳಿಯದು, ಪೂರ್ತಿ ಬಿಟ್ಟರೆ ಕೋಳಿ ಕೆಡುವದು. ಒಂದೊಂದು ತತ್ತಿಯ ಚಿಪ್ಪಿಗೆ ೨ ಗ್ರಾಮಿನಷ್ಟು ಕ್ಯಾಲ್ಸಿಯಂ ಬೇಕಾಗುವದರಿಂದ ಸುಣ್ಣಕಲ್ಲಿನ ಪುಡಿಯನ್ನು ಬಿಡಲಾಗದು. ಸುಟ್ಟ ಸುಣ್ಣವನ್ನು ಮಾತ್ರ ಎಂದೂ ಹಾಕಬಾರದು.

೩. ಬಿಸಿಯಿಂದ ಕಿಣ್ವವು ನಾಶವಾಗುವದು. ಅದನ್ನು ಬಿಸಿ ಅಂಬಲಿಯಲ್ಲಿ ಕಲಸದೆ, ಒಣಗಿದ ತಂಪು ಸ್ಥಳದಲ್ಲಿಡಬೇಕು.

೪. ಹಸಿ ಸೋಯಾ ಕಾಳಿನಲ್ಲಿ ಸಸಾರಜನಕದ ಪಚನವನ್ನು ತಡೆಯುವ ದೋಷವುಂಟು. ಅದಕ್ಕೆ ಫೈಟೇಸ್ ಮದ್ದಲ್ಲ; ಕಾಳನ್ನು ಚೆನ್ನಾಗಿ ಬೇಯಿಸಬೇಕು, ಇಲ್ಲವೆ ಸಿದ್ಧಪಡಿಸಿದ ಹಿಂಡಿಯನ್ನು ಕೊಳ್ಳಬೇಕು.

೫. ಕ್ಸೈಲನೇಸ್ ಮೊದಲಾದ ಕಿಣ್ವಗಳು ಗೋಧಿ, ಜವೆಗೋಧಿಗಳ ಅಂಟನ್ನು ಬಿಡಿಸುವವು. ಜೋಳ, ಗೋವಿನಜೋಳಗಳಲ್ಲಿ ಆ ಅಂಟು ಕಡಿಮೆಯಾದುದರಿಂದ ಅವುಗಳಿಂದ ಲಾಭವೂ ಕಡಿಮೆ. ಚೀಲದ ಮೇಲಿನ ಹೆಸರನ್ನೂ ಯೂನಿಟ್ಟನ್ನೂ ಓದಿಯೇ ಕೊಳ್ಳತಕ್ಕದ್ದು.

ಹಿತ್ತಲಲ್ಲಿ ಕೆದರಿ ಹುಳು ಹುಪ್ಪಟೆ ತಿನ್ನುವ ನಾಲ್ಕಾರು ಕೋಳಿಗಳಿಗೆ ಈ ವೆಚ್ಚ ಬೇಕಿಲ್ಲ. ದೊಡ್ಡಿಯಲ್ಲಿ ಕೂಡಿಹಾಕಿ ನೂರಾರು ಕೋಳಿ ಸಾಕುವವರು ಮಾತ್ರ ಪಶುವೈದ್ಯರ ಸಲಹೆಯಂತೆ ಇದನ್ನು ಬಳಸುವದು ಹಿತಕರ. ಸಣ್ಣ ತಕ್ಕಡಿಯೊಂದನ್ನು ಊರವರು ಕೂಡಿ ಕೊಂಡರೆ ಅಳತೆಯ ತಪ್ಪೂ ನಷ್ಟವೂ ತಪ್ಪುವವು.